ಸೈಕಲ್ ಗ್ರಿಪ್ ಜಾರದ ಹಾಗೆ ಕೂರಿಸುವುದು ಹೇಗೆ

ಮಂಗಳೂರಿನ ಕದ್ರಿ ಗುಡ್ಡದ ಏರಿನಲ್ಲಿ ಹ್ಯಾಂಡಲ್ ಎಳೆದು ಹಿಡಿದರೆ ಗ್ರಿಪ್ ಕೈಯೊಳಗೇ ತಿರುಗ್ತಾ ಇದೆಯಾ? ಒಳಗೆ ತಳ್ಳಿ ಸುಮ್ಮನಾದರೆ ನಾಳೆ ಮತ್ತೆ ಜಾರುತ್ತದೆ. ಪೂರ್ತಿ ತೆಗೆದು, ಒರೆಸಿ, ಹೊಸದಾಗಿ ಹಾಕಬೇಕು.

ಸಾದಾ ರಬ್ಬರ್ ಗ್ರಿಪ್ ನಿಲ್ಲುವುದು ಬರೀ ಬಿಗಿಯಿಂದ. ನೇರ ಹ್ಯಾಂಡಲ್‌ನಲ್ಲಿ ಗ್ರಿಪ್ ಕೂರುವ ಜಾಗದ ಹೊರ ಅಳತೆ ಸಾಮಾನ್ಯವಾಗಿ 22.2 ಮಿ.ಮೀ. ಇರುತ್ತದೆ. ಗ್ರಿಪ್‌ನ ತೂತು ಅದಕ್ಕಿಂತ ಒಂಚೂರು ಚಿಕ್ಕದು. ನಡುವೆ ಎಣ್ಣೆ, ಸೋಪು, ನೀರು ಏನೇ ಉಳಿದರೂ ಆ ಬಿಗಿ ಹೋಯಿತು ಅಂತಲೇ ಲೆಕ್ಕ.

ತೆಗೆಯುವಾಗ ಗ್ರಿಪ್‌ನ ಅಂಚನ್ನು ಮೊಂಡು ತುದಿಯ ಕಡ್ಡಿಯಿಂದ ಸ್ವಲ್ಪ ಎತ್ತಿ, ಆ ಸಂದಿಗೆ ಸ್ಪಿರಿಟ್ ಬಿಟ್ಟು, ತಿರುಚಿ ಎಳೆಯಿರಿ. ಹಳೆಯದಾಗಿ ಅಂಟಂಟಾಗಿದ್ದರೆ ಉದ್ದಕ್ಕೆ ಕೊಯ್ದು ಬಿಸಾಡಿ, ಬ್ಲೇಡ್ ಮಾತ್ರ ಹ್ಯಾಂಡಲ್‌ಗೆ ತಾಗಬಾರದು. ನಮ್ಮ ಕಡೆ, ಅದರಲ್ಲೂ ಮಲ್ಪೆ, ಪಣಂಬೂರಿನಂಥ ಕಡಲ ಬದಿಯಲ್ಲಿ, ಸ್ಟೀಲ್ ಹ್ಯಾಂಡಲ್ ಆದರೆ ಗ್ರಿಪ್ ಅಡಿಯಲ್ಲಿ ಕಂದು ಪುಡಿ ಸಿಗುವುದು ಮಾಮೂಲು. ಉಪ್ಪುಗಾಳಿ, ಬೆವರು, ಮಳೆನೀರು ಎಲ್ಲ ಅಲ್ಲೇ ಸೇರಿಕೊಂಡಿರುತ್ತದೆ. ನಯವಾದ ಸ್ಯಾಂಡ್‌ಪೇಪರ್‌ನಲ್ಲಿ ಉಜ್ಜಿ, ಸ್ಪಿರಿಟ್ ಬಟ್ಟೆಯಲ್ಲಿ ಒರೆಸಿ. ಬಟ್ಟೆ ಕಪ್ಪಾಗುವುದು ನಿಲ್ಲುವ ತನಕ ಒರೆಸಿ.

ಹಾಕುವುದಕ್ಕೆ ಐಸೊಪ್ರೊಪೈಲ್ ಆಲ್ಕೋಹಾಲ್ ಅನ್ನುವ ಸ್ಪಿರಿಟ್ ಒಳ್ಳೆಯದು, ಮೆಡಿಕಲ್‌ನಲ್ಲಿ ಕೇಳಿ ನೋಡಿ. ಹಸಿ ಇರುವಾಗ ಜಾರಿಸುತ್ತದೆ, ಆಮೇಲೆ ಏನೂ ಉಳಿಸದೆ ಆರಿಹೋಗುತ್ತದೆ, ನಮಗೆ ಬೇಕಾದದ್ದೂ ಅದೇ ಅಲ್ವಾ? ಬೆಂಕಿ ಹತ್ತಿರ ಬೇಡ, ಕಿಟಕಿ ತೆಗೆದಿರಲಿ. ಗ್ರಿಪ್‌ನ ಒಂದು ಬಾಯಿಗೆ ಬೆರಳಿಟ್ಟು ಒಳಗೆ ಸ್ವಲ್ಪ ಸುರಿದು ಅಲ್ಲಾಡಿಸಿ, ಚೆಲ್ಲಿ, ಹ್ಯಾಂಡಲ್ ತುದಿಗೂ ಸವರಿ, ತಡ ಮಾಡದೆ ತಿರುಚುತ್ತಾ ಒಂದೇ ದಮ್ಮಿಗೆ ಕೊನೆಯವರೆಗೆ ನೂಕಿ. ಅರ್ಧದಲ್ಲಿ ನಿಲ್ಲಿಸಿದರೆ ಅಲ್ಲೇ ಹಿಡಿದುಕೊಳ್ಳುತ್ತದೆ. ಡಿಸೈನ್ ಓರೆಯಾಗಿದ್ದರೆ ಹಸಿ ಇರುವಾಗಲೇ ಸರಿಮಾಡಿ.

ಮನೆಯಲ್ಲಿ ಇದೆ ಅಂತ ತೆಂಗಿನೆಣ್ಣೆ ಮಾತ್ರ ಹಾಕಬೇಡಿ ಮಾರಾಯ್ರೆ, ಎಣ್ಣೆ ಆರುವುದೇ ಇಲ್ಲ. ಜೆಲ್ ಸ್ಯಾನಿಟೈಸರ್ ಕೂಡ ಬೇಡ, ಅದರಲ್ಲಿರುವ ಅಂಟು ಪದಾರ್ಥ ಒಳಗೇ ಉಳಿಯುತ್ತದೆ. ಹೇರ್‌ಸ್ಪ್ರೇ ಹಾಕುವವರು ತುಂಬಾ ಜನ ಇದ್ದಾರೆ, ಆರಿದ ಮೇಲೆ ಅಂಟುತ್ತದೆ ಕೂಡ, ಆದರೆ ನಮ್ಮ ಜೂನ್, ಜುಲೈ ಮಳೆಗೆ ಅದರ ಮೇಲೆ ನನಗೆ ನಂಬಿಕೆ ಇಲ್ಲ.

ಈಗ ಸೈಕಲ್ ಮುಟ್ಟಬೇಡಿ. ಒಣ ಊರಿನವರು ಸ್ವಲ್ಪ ಹೊತ್ತು ಸಾಕು ಅನ್ನಬಹುದು, ನಮ್ಮ ಈ ತೇವದ ಗಾಳಿಯಲ್ಲಿ ರಾತ್ರಿ ಇಡೀ ಬಿಡುವುದೇ ವಾಸಿ. ಬೆಳಿಗ್ಗೆ ಒಣ ಕೈಯಲ್ಲಿ ಜೋರಾಗಿ ತಿರುಚಿ ನೋಡಿ. ಆಗಲೂ ತಿರುಗಿದರೆ ರಬ್ಬರ್ ಹಿಗ್ಗಿದೆ ಅಂತ ಅರ್ಥ, ಹೊಸದು ತಗೊಳ್ಳಿ. ತುದಿಯ ಬಿರಡೆಯನ್ನೂ ಮರೆಯದೆ ಹಾಕಿ, ಬಿದ್ದಾಗ ತೆರೆದ ಕೊಳವೆ ಹೊಟ್ಟೆಗೆ ಚುಚ್ಚುತ್ತದೆ.

ಈ ರಗಳೆಯೇ ಬೇಡ ಅಂದರೆ ಲಾಕ್-ಆನ್ ಗ್ರಿಪ್ ಇದೆ, ಅಂದರೆ ರಿಂಗ್ ಮತ್ತು ಸ್ಕ್ರೂನಿಂದ ಹ್ಯಾಂಡಲ್‌ಗೆ ಬಿಗಿಯುವಂಥದ್ದು, ಬೆಲೆ ಜಾಸ್ತಿ. ಸ್ಪಿರಿಟ್ ಬೇಕಿಲ್ಲ, ಅಲೆನ್ ಕೀಯಲ್ಲಿ (ಆರು ಮೂಲೆಯ, ಬಾಗಿದ ಕೀ) ಬಿಗಿ ಮಾಡಿದರೆ ಆಯಿತು. ಎಷ್ಟು ಬಿಗಿ ಅಂತ ಹೆಚ್ಚಾಗಿ ರಿಂಗ್ ಮೇಲೋ ಪ್ಯಾಕೆಟ್ ಮೇಲೋ ಬರೆದಿರುತ್ತದೆ. ಸ್ಕ್ರೂ ಚಿಕ್ಕದು, ಬಲ ಹಾಕಿದರೆ ಅದರ ಮರೆ (ಥ್ರೆಡ್) ಹೋಗುತ್ತದೆ.