ಡೂಪಿಯಾನ್ ಸೀರೆಗೆ ನೀರು ಚಿಮುಕಿಸಬೇಡಿ

ಇಸ್ತ್ರಿಪೆಟ್ಟಿಗೆ ಕೈಗೆ ಬಂದದ್ದೇ ಡೂಪಿಯಾನ್ ರೇಷ್ಮೆಯ ಮೇಲೆ ನೀರು ಚಿಮುಕಿಸುವವರನ್ನು ಕಂಡರೆ ಮೈ ಉರಿಯುತ್ತದೆ. ಹನಿ ಬಿದ್ದಲ್ಲೆಲ್ಲ ಬಳೆಯಂಥ ಕಲೆ, ಆಮೇಲೆ ಅಂಗಡಿಯವನಿಗೆ ಬೈಗುಳ!

ಅದರ ಗಂಟುಗಳೂ ದೋಷವಲ್ಲ, ತಾಯಂದಿರೇ. ಎರಡು ಹುಳು ಸೇರಿ ಒಂದೇ ಗೂಡು ಕಟ್ಟಿದರೆ ಎಳೆಗಳು ಸಿಕ್ಕಾಗುತ್ತವೆ. ರಾಮನಗರದ ಕಡೆ ನಯ ನೂಲು ಬಿಚ್ಚುವವರು ಆ ಜೋಡಿ ಗೂಡನ್ನು ಆರಿಸಿ ಬೇರೆ ಇಡುತ್ತಾರೆ. ಅದರ ನೂಲು ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ. ಹೆಚ್ಚಾಗಿ ಹೊಕ್ಕಿಗೆ, ಅಂದರೆ ಅಡ್ಡ ಎಳೆಗೆ ಹಾಕುವುದರಿಂದ ಗಂಟುಗಳು ಅಡ್ಡಕ್ಕೇ ಕಾಣುತ್ತವೆ. ಕತ್ತರಿ ಹಾಕಿದರೆ ಎಳೆ ಬಿಟ್ಟು ತೂತು. ಎದ್ದ ಗಂಟನ್ನು ಸೂಜಿಯಿಂದ ಮೆಲ್ಲಗೆ ಹಿಂಬದಿಗೆ ಎಳೆದುಬಿಡಿ. ರವಿಕೆಗೆ ಲೈನಿಂಗ್ ಬೇಕೇ ಬೇಕು, ಬಿಗಿ ಹೊಲಿಸಿದರೆ ಹೊಲಿಗೆಯಲ್ಲೇ ನೂಲು ಸರಿಯುತ್ತದೆ.

ಇಸ್ತ್ರಿಗೆ ಹಳೇ ಬಿಳಿ ಹತ್ತಿ ಪಂಚೆ ಬೇಕು, ಬಣ್ಣದ ಅಂಚು ಇರಕೂಡದು. ಅದ್ದಿ, ಇಬ್ಬರು ಎರಡು ತುದಿ ಹಿಡಿದು ತಿರುಚಿ ಹಿಂಡಿ. ಕೆನ್ನೆಗೆ ಒತ್ತಿದರೆ ತಣ್ಣಗಾಗಬೇಕು, ಕೆನ್ನೆ ಒದ್ದೆಯಾಗಬಾರದು. ಅದರ ಚೂರು ತುದಿಯನ್ನು ಸೀರೆಯ ಒಳ ಅಂಚಿಗೆ ಒತ್ತಿ ನೋಡಿ, ಬಣ್ಣ ಹತ್ತಿದರೆ ಅಲ್ಲಿಗೇ ಬಿಟ್ಟು ಡ್ರೈಕ್ಲೀನಿಂಗ್‌ಗೆ ಕೊಡಿ. ಹತ್ತದಿದ್ದರೆ ಪಂಚೆ ಹಾಸಿ, ಸೀರೆಯ ಒಳಮೈ ಹೊರಗೆ ಬರುವಂತೆ ಮಡಚಿ ಮೇಲಿಟ್ಟು, ಎರಡನ್ನೂ ಸಡಿಲವಾಗಿ ಸುತ್ತಿ ಅರ್ಧ ಗಂಟೆ ಬಿಡಿ. ಒದ್ದೆ ಒಣಗುವ ಅಂಚಿಗೆ ನೂಲಿನ ಅಂಟು, ಗಂಜಿ ಸರಿದು ಗೆರೆ ಕಟ್ಟುವುದರಿಂದಲೇ ಕಲೆ. ಇಡೀ ಬಟ್ಟೆ ಒಂದೇ ಸಮ ತೇವವಾದರೆ ಅಂಚೆಲ್ಲಿಂದ ಬಂತು? ಇಸ್ತ್ರಿಪೆಟ್ಟಿಗೆಯ ಗುಂಡಿಯನ್ನು ರೇಷ್ಮೆಯ ಗುರುತಿಗೆ ತಿರುಗಿಸಿ, ಒಳಮೈಗೆ ಮಾತ್ರ ಇಸ್ತ್ರಿ ಎಳೆಯಿರಿ. ಹಳೇ ಹನಿಕಲೆಯೂ ಎಷ್ಟೋ ಸಲ ಇದರಲ್ಲೇ ಹೋಗುತ್ತದೆ.

ಸುತ್ತಿದ್ದನ್ನು ರಾತ್ರಿಯಿಡೀ ಮರೆತಿರೋ, ನಮ್ಮ ಕೊಡಗಿನ ಕಕ್ಕಡ ತಿಂಗಳ (ಆಟಿ) ಮಳೆಯಲ್ಲಿ ಬೂಷ್ಟು ಗ್ಯಾರಂಟಿ. ಹಿಂದೆ ಐನ್‌ಮನೆಯಲ್ಲಿ, ಅಂದರೆ ಕುಲದ ಹಿರಿಮನೆಯಲ್ಲಿ, ಒಲೆಯ ಬಿಸಿ ಅಟ್ಟದ ಪೆಟ್ಟಿಗೆವರೆಗೂ ಹೋಗುತ್ತಿತ್ತು. ಈಗ ಗ್ಯಾಸು, ತಣ್ಣನೆ ಗೋಡೆಗೆ ಅಂಟಿದ ಬೀರು. ಬೀರುವನ್ನು ಗೋಡೆಯಿಂದ ಒಂದು ಗೇಣು ಮುಂದೆ ಎಳೆಯಿರಿ. ಇಸ್ತ್ರಿಯಾದ ಸೀರೆಯನ್ನು ಫ್ಯಾನಿನಡಿ ಆರಿಸಿ, ಬಿಸಿಲಿಗೆ ಬೇಡ. ಕಕ್ಕಡದಲ್ಲಿ ಮದ್ದು ಸೊಪ್ಪಿನ ರಸದಿಂದ ಮಾಡುವ ಮದ್ದು ಪಾಯಸ ಕಲಕುವಾಗಂತೂ ರೇಷ್ಮೆ ಉಡಬೇಡಿ, ಆ ನೇರಳೆ ಬಣ್ಣ ಸುಲಭಕ್ಕೆ ಬಿಡುವುದಲ್ಲ. ಹುಣಸೆಹಣ್ಣಿನಲ್ಲಿ ದೀಪ ಉಜ್ಜಿದ ಕೈಯನ್ನೂ ತೊಳೆದೇ ಸೀರೆ ಮುಟ್ಟಿ.

ಎತ್ತಿಡುವಾಗ ಪ್ಲಾಸ್ಟಿಕ್ ಕವರು ಬಿಸಾಡಿ, ಹತ್ತಿ ಬಟ್ಟೆಯಲ್ಲಿ ಸುತ್ತಿ. ಮಳೆ ಬಿಟ್ಟ ದಿನ ತೆಗೆದು ಮಡಿಕೆ ಬದಲಿಸಿ, ಅದೇ ಗೆರೆಯಲ್ಲಿ ಮಡಚಿದರೆ ಅಲ್ಲೇ ಸೀಳುತ್ತದೆ. ನುಸಿಗುಳಿಗೆ ಜರಿಗೆ ತಾಗದಂತೆ ಚಿಕ್ಕ ಚೀಲದಲ್ಲಿ ಕಟ್ಟಿ ಮೂಲೆಗಿಡಿ.