ಮ್ಯಾಟ್ ಸಂದಿಯಿಂದ ಗೇಟಿನ ಬೀಗದವರೆಗೆ

ಕಬಡ್ಡಿ ಎಂದಮೇಲೆ ಪೆಟ್ಟು ಇದ್ದದ್ದೇ ಎನ್ನುವ ಮಾತನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ತರಚುಗಾಯ ತಪ್ಪದು. ಮಂಡಿ ತಿರುಚುವುದು, ತಲೆಗೆ ಏಟು ಬೀಳುವುದು ಬಹಳಷ್ಟು ಸಲ ತಪ್ಪಿಸಬಹುದಾದದ್ದೇ.

ಹುಡುಗರು ಇಳಿಯುವ ಮುಂಚೆ ಬರಿಗಾಲಲ್ಲಿ ಮ್ಯಾಟಿನ ಮೇಲೆ ಪಾದ ಎಳೆದುಕೊಂಡು ಉದ್ದಕ್ಕೂ ಅಡ್ಡಕ್ಕೂ ನಡೆಯುತ್ತೇನೆ. ಮ್ಯಾಟ್ ತುಂಡುಗಳ ನಡುವಿನ ಸಂದಿ ಹೆಬ್ಬೆರಳಿಗೆ ಎಡವಿದರೆ, ಎದುರಾಳಿ ಅಂಗಳಕ್ಕೆ ನುಗ್ಗುವ ರೈಡರ್‌ನ ಶೂ ತುದಿಯೂ ಅಲ್ಲೇ ಸಿಕ್ಕುತ್ತದೆ. ಪಾದ ನಿಂತು ಮೈ ತಿರುಗಿದರೆ ಮಂಡಿಯ ಒಳಗಿನ ಲಿಗಮೆಂಟ್ ಹರಿಯಬಹುದು. ಟೇಪ್ ಅಂಟಿಸಿ ಪ್ರಯೋಜನವಿಲ್ಲ, ಬೆವರಿಗೆ ಎದ್ದು ಬರುತ್ತದೆ. ಆ ಸಾಲು ಬಿಚ್ಚಿ, ತುಂಡುಗಳು ಒಂದಕ್ಕೊಂದು ಕಚ್ಚುವ ಹಲ್ಲುಗಳಲ್ಲಿ ಸೇರಿದ ಮಣ್ಣು ಕೊಡವಿ, ಮತ್ತೆ ಕೂರಿಸಬೇಕು. ಗೆರೆಯಾಚೆ ಸುತ್ತಲೂ 3 ಮೀಟರ್ ಖಾಲಿ ಬಿಡಿಸುತ್ತೇನೆ. ಡ್ಯಾಶ್, ಅಂದರೆ ಗೆರೆಯಾಚೆ ತಳ್ಳುವ ಗುದ್ದು, ತಿಂದವನು ಬೀಳುವುದು ಅತಿಥಿಗಳ ಕುರ್ಚಿ ಸಾಲಿನ ಮೇಲೆಯೇ! ಉಗುರು, ಉಂಗುರ, ಕಡಗ ದಿನಾ ನೋಡಬೇಕು.

ವಾರ್ಮಪ್ 15 ನಿಮಿಷ. ಅದರಲ್ಲಿ ಒಂಟಿಗಾಲಿನ ನಿಲುವು ಕಾಲಿಗೆ 30 ಸೆಕೆಂಡು, ಆಮೇಲೆ ಎಗರಿ ಇಳಿಯುವುದು. ಇಳಿಯುವಾಗ ಮಂಡಿಗಳು ಒಳಕ್ಕೆ ವಾಲಿದರೆ ತಿದ್ದದೆ ಮುಂದೆ ಹೋಗುವುದಿಲ್ಲ.

ಆ್ಯಂಕಲ್ ಹೋಲ್ಡ್‌ಗೆ, ಅಂದರೆ ರೈಡರ್‌ನ ಕಣಕಾಲು ಹಿಡಿಯಲು, ತಲೆ ತಗ್ಗಿಸಿ ನುಗ್ಗುವ ಕಾರ್ನರ್ (ತುದಿಯಲ್ಲಿ ನಿಲ್ಲುವ) ಆಟಗಾರನ ಹಣೆಗೆ ರೈಡರ್‌ನ ಮಂಡಿ ಬಡಿಯುತ್ತದೆ. ಕಣ್ಣು ರೈಡರ್‌ನ ಸೊಂಟದ ಮೇಲೆ, ತಲೆ ಅವನ ತೊಡೆಯ ಹೊರಬದಿಗೆ: ಇದನ್ನು ಮೊದಲು ನಡಿಗೆಯ ವೇಗದಲ್ಲಿ ಕಲಿಸುತ್ತೇನೆ. ತಲೆಗೆ ಏಟು ಬಿದ್ದು ಮಂಕಾದವನು ಅಂದು ಮತ್ತೆ ಆಡುವುದಿಲ್ಲ, ಫೈನಲ್ ಇದ್ದರೂ. ವಾಂತಿ, ಹೆಚ್ಚುತ್ತಿರುವ ತಲೆನೋವು, ತೂಕಡಿಕೆ ಕಂಡರೆ ಕೂಡಲೇ ಆಸ್ಪತ್ರೆ. ಕುತ್ತಿಗೆ ನೋವು ಎಂದರೆ ಕೈಹಿಡಿದು ಎಬ್ಬಿಸಬಾರದು. ತಲೆಯನ್ನು ಎರಡೂ ಕೈಯಲ್ಲಿ ಅಲುಗದಂತೆ ಹಿಡಿದು ಆಂಬುಲೆನ್ಸ್‌ಗೆ ಕಾಯಬೇಕು.

ಯಾರೂ ತಾಕದೆ ಕುಸಿದವನ ವಿಷಯ ಬೇರೆ. ಕೈಕಾಲು ಸ್ವಲ್ಪ ಅದುರಿದರೆ ಮೂರ್ಛೆರೋಗವೆಂದು ಕೀಗೊಂಚಲು ಹಿಡಿಸಲು ನಾಲ್ಕು ಜನ ಓಡಿಬರುತ್ತಾರೆ. ಹೃದಯ ನಿಂತಾಗಲೂ ಹಾಗೆ ಅದುರುತ್ತದೆ. ಕೂಗಿದರೆ ಓಗೊಡದೆ, ಉಸಿರು ಇಲ್ಲದೆ ಅಥವಾ ಬರೀ ಏದುತ್ತಿದ್ದರೆ ಎದೆಯ ನಡುವೆ 5–6 ಸೆಂ.ಮೀ. ಆಳಕ್ಕೆ, ನಿಮಿಷಕ್ಕೆ 100–120 ಸಲ ಒತ್ತಬೇಕು. ಪ್ರತಿ 2 ನಿಮಿಷಕ್ಕೆ ಆಳು ಬದಲಾಗಬೇಕು, ಸುಸ್ತಾದವನ ಒತ್ತು ಆಳಕ್ಕೆ ಇಳಿಯುವುದಿಲ್ಲ. ಎಇಡಿ (ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಯಂತ್ರ) ಇದ್ದರೆ ತಂದ ಕೂಡಲೇ ಹಚ್ಚುವುದು.

ಒತ್ತುವವನು ಯಾರು, 108ಕ್ಕೆ ಕರೆ ಮಾಡುವವನು ಯಾರು, ರಸ್ತೆಗೆ ಓಡುವವನು ಯಾರು ಎಂದು ಸೀಸನ್ ಶುರುವಿನಲ್ಲೇ ಗೊತ್ತುಮಾಡಿ ತಿಂಗಳಿಗೊಮ್ಮೆ ಆಡಿಸಿ ನೋಡುತ್ತೇನೆ. ಮೈದಾನದ ಗುರುತು, ಹತ್ತಿರದ ಬಸ್ ಸ್ಟಾಪಿನ ಹೆಸರು ಪ್ರಥಮ ಚಿಕಿತ್ಸೆ ಪೆಟ್ಟಿಗೆಯ ಮುಚ್ಚಳದ ಮೇಲೇ ಬರೆದಿರಬೇಕು, ಗಾಬರಿಯಲ್ಲಿ ಬಾಯಿಗೆ ಬರುವುದಿಲ್ಲ. ವಾಹನ ಬರುವ ದೊಡ್ಡ ಗೇಟಿಗೆ ಸಾಮಾನ್ಯವಾಗಿ ಬೀಗ ಇರುತ್ತದೆ, ಕೀ ಊಟಕ್ಕೆ ಹೋದ ವಾಚ್‌ಮನ್ ಜೇಬಿನಲ್ಲಿ. ಇನ್ನೊಂದು ಕೀ ಮಾಡಿಸಿ ಆ ಪೆಟ್ಟಿಗೆಯ ಹಿಡಿಗೇ ಕಟ್ಟಿಡಿ.