ನಡೆಯೋದು ಬಿಟ್ಟೆ, ಲೆಕ್ಕ ಸರಿಹೋಯ್ತು

ಕೂತಲ್ಲೇ ಕೂತು ಎಣಿಸಿದರೆ ಅರ್ಧ ಹಕ್ಕಿ ತಪ್ಪಿಹೋಗುತ್ತವೆ ಅಂತ ಜೊತೆಯವರೆಲ್ಲ ಹೇಳಿದ್ದರು. ಮೂರು ಬೇಸಿಗೆ ಕಳೆದ ಮೇಲೆ ಈಗ ಅವರೇ ಬಂದು ನನ್ನ ಪಕ್ಕ ಕೂರುತ್ತಿದ್ದಾರೆ.

ಮೊದಲ ಬೇಸಿಗೆ ನಾನೂ ಎಲ್ಲರ ಹಾಗೆ ಸರೋವರದ ದಂಡೆಯುದ್ದಕ್ಕೂ ನಡೆದೆ, ಸುಮಾರು 3 ಕಿಲೋಮೀಟರ್. ಹತ್ತಿರ ಹೋದರೆ ಸ್ಯಾಂಡರ್ಲಿಂಗ್ (ನೀರಂಚಿನ ಮರಳಲ್ಲಿ ಮೇಯುವ ಪುಟ್ಟ ವಲಸೆ ಹಕ್ಕಿ) ಗುಂಪು ಎದ್ದು ನೂರು ಮೀಟರ್ ಮುಂದೆ ಇಳಿಯುತ್ತಿತ್ತು. ಮತ್ತೆ ಹತ್ತಿರ ಹೋದರೆ ಮತ್ತೆ ಹಾರುತ್ತಿತ್ತು. ಕೊನೆಗೆ ನೀರಿನ ಮೇಲೆ ಒಂದು ಸುತ್ತು ಹಾಕಿ ನನ್ನ ಬೆನ್ನ ಹಿಂದೆ ಇಳಿಯುತ್ತಿತ್ತು. ಒಂದು ದಿನ 140 ಚಿಲ್ಲರೆ ಬರೆದುಕೊಂಡೆ. ಅದೇ ಬೆಳಿಗ್ಗೆ ಆಚೆ ತುದಿಯಿಂದ ನೋಡುತ್ತಿದ್ದ ಗೆಳೆಯನಿಗೆ ಸಿಕ್ಕಿದ್ದು 80ರ ಆಸುಪಾಸು. ಒಂದೇ ಹಕ್ಕಿಯನ್ನು ಎರಡೆರಡು ಸಲ ಎಣಿಸಿದ್ದೆ. ಇಡೀ ಬೇಸಿಗೆಯ ಲೆಕ್ಕ ಬಿಸಾಕಬೇಕಾಯ್ತು.

ದುಡ್ಡೂ ಹೋಯ್ತು. ಒಂದು ತಿಂಗಳ ಸಂಬಳ ಸುರಿದು ದೂರದ ಹಕ್ಕಿ ನೋಡೋಕೆ ಸೆಕೆಂಡ್ ಹ್ಯಾಂಡ್ ಸ್ಕೋಪ್, ಅಂದರೆ ದುರ್ಬೀನು, ತಂದೆ. ಎರಡೇ ವಾರಕ್ಕೆ ಗಾಜಿನೊಳಗೆ ಹಬೆ ಕಟ್ಟಿತು. ಕೊಟ್ಟಿದ್ದರ ಕಾಲು ಭಾಗ ರಿಪೇರಿಗೇ ಹೋಯ್ತು. ಟ್ರೈಪಾಡ್ ಒದ್ದೆ ಮರಳಲ್ಲಿ ಹೂತು ವಾಲುತ್ತಿತ್ತು. ಅದಕ್ಕೆ ಮಾತ್ರ ಖರ್ಚಾಗಲಿಲ್ಲ. ಮೂರು ಕಾಲಿನಡಿ ಮೂರು ಹಳೇ ಡಬ್ಬಿ ಮುಚ್ಚಳ ಇಟ್ಟೆ, ಅಷ್ಟೇ.

ಈಗ ದಂಡೆಯನ್ನು ನಾಲ್ಕು ತುಂಡು ಮಾಡಿಕೊಂಡಿದ್ದೇನೆ. ನಸುಕಲ್ಲೇ ಹೋಗಿ, ಬಿಸಿಲು ಬೆನ್ನಿಗೆ ಬೀಳುವ ಹಾಗೆ ಕೂರುತ್ತೇನೆ. ಇಪ್ಪತ್ತು ನಿಮಿಷ ಸುಮ್ನೆ ಕೂತರೆ ಹಕ್ಕಿಗಳು ತಾವಾಗಿ ಮೇಯಲು ಬರುತ್ತವೆ. ಎಡಗೈಲಿ ಬಂದದ್ದಕ್ಕೆ ಒಂದು ಕ್ಲಿಕ್ಕರ್ (ಒತ್ತಿದಾಗೆಲ್ಲ ಒಂದು ಎಣಿಸುವ ಯಂತ್ರ), ಬಲಗೈಲಿ ಹೋದದ್ದಕ್ಕೆ ಇನ್ನೊಂದು. ಮುಂದಿನ ತುಂಡಿನ ಕಡೆ ಹಾರಿದ್ದನ್ನು ಅಲ್ಲಿಯ ಲೆಕ್ಕದಲ್ಲಿ ಕಳೆಯುತ್ತೇನೆ. ಜಾಗ ಬದಲಿಸುವಾಗ ನೀರಿನ ಅಂಚಿಗೆ ಹೋಗುವುದೇ ಇಲ್ಲ, ಹುಲ್ಲಿನ ಮರೆಯಲ್ಲೇ ನಡೆಯುತ್ತೇನೆ. ಒಂಬತ್ತರೊಳಗೆ ಮುಗಿಸಬೇಕು. ಆಮೇಲೆ ಬಿಸಿ ಗಾಳಿ ಎದ್ದು ಸ್ಕೋಪಿನಲ್ಲಿ ಹಕ್ಕಿಯ ಕಾಲೆಲ್ಲ ನೀರಿನ ಹಾಗೆ ಅಲುಗಾಡುತ್ತದೆ. ಎಲ್ಲಿ ಕೂರುತ್ತೇನೆ, ಆ ಜಾಗ ಹೇಗೆ ಆರಿಸುತ್ತೇನೆ ಅನ್ನೋದನ್ನು ಮಾತ್ರ ಹೇಳಲಾರೆ. ನಾಲ್ಕು ಜನ ಬಂದು ಕೂತರೆ ಹಕ್ಕಿ ಆ ಕಡೆ ಸುಳಿಯುವುದಿಲ್ಲ.

ನಡುವೆ ಇನ್ನೊಂದು ದಾರಿಯನ್ನೂ ಪ್ರಯತ್ನಿಸಿ ನೋಡಿದೆ. ಸಂಜೆ ಒದ್ದೆ ಮರಳನ್ನು ಹಲಗೆಯಿಂದ ಸವರಿ ಬಂದು, ಬೆಳಿಗ್ಗೆ ಹೆಜ್ಜೆ ಗುರುತು ಹುಡುಕುವುದು. ಸ್ಯಾಂಡರ್ಲಿಂಗ್‌ಗೆ ಹಿಂಬೆರಳಿಲ್ಲ. ಮೂರೇ ಬೆರಳಿನ ಗುರುತು ಮರಳಲ್ಲಿ ಎಷ್ಟು ಚೊಕ್ಕವಾಗಿ ಮೂಡುತ್ತೆ ಗೊತ್ತಾ! ಆದರೆ ದಂಡೆಯಲ್ಲೇ ಮೇಯುವ ಇನ್ನೊಂದು ಜಾತಿಯ ಹಕ್ಕಿ, ಪ್ಲೋವರ್‌ಗಳಲ್ಲಿ ಹೆಚ್ಚಿನವದ್ದೂ ಹಾಗೇ, ಅದಕ್ಕೇ ಕೈಬಿಟ್ಟೆ.

ಇನ್ನೊಂದು ಮಾತು, ಎಣಿಸೋಕೆ ಆಗಸ್ಟ್‌ವರೆಗೆ ಕಾಯಬೇಡಿ. ಉತ್ತರದಲ್ಲಿ ಮರಿ ಮಾಡಿ ವಾಪಸಾಗುವ ಬೆಳೆದ ಹಕ್ಕಿಗಳು ಜುಲೈನಲ್ಲೇ ಬರುತ್ತವೆ, ಗರಿ ಸವೆದು ಮಾಸಿರುತ್ತದೆ. ಆಮೇಲೆ ಬರುವ ಆ ವರ್ಷದ ಮರಿಗಳ ಬೆನ್ನಲ್ಲಿ ಒಂದೊಂದು ಗರಿಗೂ ತಿಳಿ ಬಣ್ಣದ ಅಂಚು, ಹೊಸ ಬಟ್ಟೆ ಹಾಕಿದ ಹಾಗೆ.

ಕಳೆದ ಜುಲೈನಲ್ಲಿ ಗೆಳೆಯ ಮತ್ತೆ ಆಚೆ ತುದಿಯಲ್ಲಿ ಕೂತ. ನನ್ನ ಲೆಕ್ಕ 93, ಅವನದ್ದು 90.